ಗುರವ್ವನ ಸೀಕ್ವೆನ್ಸ್

ಗುರವ್ವನಿಗೆ ಸಿಟ್ಟು ಬಂದರೆ ಬಾಯಿ ಮುಚ್ಚುತ್ತದೆ, ಕೈ ಓಡುತ್ತದೆ. ಆ ವರ್ಷ ಅಮೆರಿಕದ ಡ್ಯಾಲಸ್ ಪಕ್ಕದ ಕಾಪೆಲ್‌ನ ಅವಳ ಮನೆಯಲ್ಲಿ ತಿನ್ನುವವರಿಲ್ಲದಷ್ಟು ಜೋಳದ ರೊಟ್ಟಿ ಆಗುತ್ತಿತ್ತು. ತಟ್ಟುವ ಸದ್ದಿಗೆ ಪಕ್ಕದ ಮನೆಯ ನಾಯಿ ಬೊಗಳುತ್ತಿತ್ತು. ಗಂಡ ಇರಣ್ಣ ಪಕ್ಕದ ಊರು ಫಾರ್ಮರ್ಸ್ ಬ್ರಾಂಚ್‌ನಲ್ಲಿದ್ದ ತನ್ನ ಟೈಲ್ಸ್ ಅಂಗಡಿಗೆ ಹೊರಡುವ ಮುಂಚೆ ಅಡುಗೆಮನೆಗೆ ಬಂದು, ಒಂದು ಬಿಸಿ ರೊಟ್ಟಿ ಎತ್ತಿಕೊಂಡು, ಯಾರ ಮೇಲಿನ ಸಿಟ್ಟು ಎಂದು ಕೇಳದೆ ಹೋಗಿಬಿಡುತ್ತಿದ್ದ. ಕೇಳುವ ಅಗತ್ಯವಿರಲಿಲ್ಲ. ಇದ್ದಬದ್ದ ಸಿಟ್ಟೆಲ್ಲ ಹ್ಯೂಸ್ಟನ್ನಿನ ಶ್ರೀಶೈಲನ ಮೇಲೆ.

ಈ ಶ್ರೀಶೈಲ ಹೊರಗಿನವನೇನಲ್ಲ. ಅವರದೇ ಬಾಗಲಕೋಟೆಯವನು. ಅಮೆರಿಕಕ್ಕೆ ಬಂದ ಹೊಸದರಲ್ಲಿ ಇವರ ಮನೆಯ ಸೋಫಾದ ಮೇಲೆ ಮಲಗಿ, ಇವಳ ಕೈಯ ಊಟ ಉಂಡು, 'ಅಕ್ಕಾರ, ನೀವಿಲ್ಲಂದ್ರ ನಾ ಉಪವಾಸ ಸಾಯ್ತಿದ್ದೆ' ಎಂದವನು. ಆಗ ಗುರವ್ವ ಅವನನ್ನು ತಮ್ಮಾ ಎಂದು ಕರೆಯುತ್ತಿದ್ದಳು. ಆಮೇಲೆ ಅವನಿಗೆ ಹ್ಯೂಸ್ಟನ್ನಿನಲ್ಲಿ ದೊಡ್ಡ ಕೆಲಸವಾಯಿತು, ದೊಡ್ಡ ಮನೆಯಾಯಿತು, ಅದಕ್ಕೆ ತಕ್ಕಂತೆ ನಗುವೂ ದೊಡ್ಡದಾಯಿತು. ಎದುರಿಗಿದ್ದವರ ಮಾನ ತೆಗೆದು, 'ಏ, ತಮಾಷಿಗಂದೆ' ಎನ್ನುವ ಜಾತಿಯ ನಗು. ಅಂಥವರ ಜೊತೆ ಸಿಟ್ಟಾದರೆ ಸಿಟ್ಟಾದವರೇ ಸಣ್ಣವರಾಗುತ್ತಾರೆ, ಅದೇ ಅವರ ಅನುಕೂಲ.

ಎರಡು ಸಾವಿರದ ಹದಿನಾಲ್ಕರ ಆಗಸ್ಟಿನಲ್ಲಿ ಅವನ ಹೊಸ ಮನೆಯ ಗೃಹಪ್ರವೇಶ. ಅಡುಗೆ ಗುರವ್ವನದೇ. ಡ್ಯಾಲಸ್‌ನಿಂದ ಆಸ್ಟಿನ್ನಿನವರೆಗೆ ಉತ್ತರ ಕರ್ನಾಟಕದವರ ಯಾವ ಸಮಾರಂಭವಿದ್ದರೂ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆ ಅವಳ ಮನೆಯಿಂದಲೇ ಹೋಗಬೇಕು ಎನ್ನುವ ಕಾಲ ಅದು. ಇರಣ್ಣ ಬೆಳಿಗ್ಗೆಯೇ ಟ್ರೇಗಳನ್ನೆಲ್ಲ ವ್ಯಾನಿನಲ್ಲಿ ಹ್ಯೂಸ್ಟನ್ನಿಗೆ ಒಯ್ದ. ಫ್ರಿಜ್‌ನಲ್ಲಿ ಇಡಬೇಕು ಎಂದಾಗ ಶ್ರೀಶೈಲ ಗ್ಯಾರೇಜಿನ ನೆಲ ತೋರಿಸಿ, 'ಸದ್ಯ ಇಲ್ಲಿಡ್ರಿ ಅಣ್ಣಾರ, ನಾ ಒಳಗ ಶಿಫ್ಟ್ ಮಾಡ್ತೀನಿ' ಅಂದ. ಡ್ಯಾಲಸ್‌ನಲ್ಲಿ ಇನ್ನೊಂದು ಮನೆಯ ಊಟವಿತ್ತು, ಇರಣ್ಣ ತಿರುಗಿ ಬಂದ. ಟ್ರೇಗಳು ಹ್ಯೂಸ್ಟನ್ನಿನ ಆಗಸ್ಟಿನಲ್ಲಿ, ಮುಚ್ಚಿದ ಗ್ಯಾರೇಜಿನಲ್ಲಿ, ಸಂಜೆಯವರೆಗೆ ಬೆಂದವು. ಶ್ರೀಶೈಲ ಬಂದವರಿಗೆ ಮನೆ ತೋರಿಸುವುದರಲ್ಲಿ ಮುಳುಗಿದ್ದ. ಮಾರನೆಯ ದಿನ ಉಂಡವರಲ್ಲಿ ಅರ್ಧ ಜನಕ್ಕೆ ಹೊಟ್ಟೆ ಕೆಟ್ಟಿತು.

ಇದನ್ನು ಗುರವ್ವನಿಗೆ ಫೋನಿನಲ್ಲಿ ಹೇಳಿದವಳು ಶ್ರೀಶೈಲನ ಹೆಂಡತಿ ಸರೋಜಾ. ಮೈಸೂರು ಕಡೆಯ ಮೆತ್ತಗಿನ ಹೆಂಗಸು. 'ನಾನು ಮಧ್ಯಾಹ್ನನೇ ಹೇಳ್ದೆ ಗುರವ್ವ ಅವ್ರೆ, ಒಳಗೆ ತಗೊಂಡ್ಬನ್ನಿ ಅಂತ. ಇವ್ರು ಮರ್ತೇಬಿಟ್ರು. ಯಾರಿಗೂ ಹೇಳ್ಬೇಡಿ' ಎಂದು ಅತ್ತಳು. ಗುರವ್ವ ಹೇಳಲಿಲ್ಲ. ತಮ್ಮನ ತಪ್ಪು, ಮನೆಯ ಮಾತು ಎಂದು ನುಂಗಿಕೊಂಡಳು. ಅಲ್ಲೇ ಮೊದಲು ಎಡವಿದ್ದು.

ಆ ವರ್ಷದ ದೀಪಾವಳಿಗೆ ಶ್ರೀಶೈಲ ಭಾನುವಾರ ಮಧ್ಯಾಹ್ನ ಎಲ್ಲರನ್ನೂ ಕರೆದ. ದೀಪಾವಳಿಗೆ ಇಸ್ಪೀಟ್ ಆಡುವುದು ಇವರೆಲ್ಲರ ಮನೆಗಳಲ್ಲೂ ಉಂಟು, ಆಡುತ್ತಿದ್ದದ್ದು ತೀನ್ ಪತ್ತಿ. ಆದರೆ ಶ್ರೀಶೈಲನಿಗೆ ಈಗ ಅದು ಹಳ್ಳಿಯ ಆಟ. ಅವನು ಹಸಿರು ಬಟ್ಟೆ ಹೊದಿಸಿದ ಪೋಕರ್ ಮೇಜು ತರಿಸಿದ್ದ. ದುಡ್ಡು ಹಚ್ಚುವಂತಿಲ್ಲ, ಬರೀ ಬಣ್ಣದ ಬಿಲ್ಲೆಗಳು. ಪಂದ್ಯಕ್ಕೆ ರುಚಿ ಇರಲೆಂದು ಅವನೇ ಒಂದು ನಿಯಮ ಮಾಡಿದ್ದ: ಕೊನೆಗೆ ಉಳಿದ ಇಬ್ಬರಲ್ಲಿ ಗೆದ್ದವರು ಏನು ಹೇಳಿಕೊಡುತ್ತಾರೋ ಆ ಒಂದು ಮಾತನ್ನು ಸೋತವರು ಎಲ್ಲರ ಮುಂದೆ ಮೈಕಿನಲ್ಲಿ ಹೇಳಬೇಕು.

ಒಬ್ಬರು ಕಡಿಮೆ ಬಿದ್ದಿದ್ದಕ್ಕೆ ಗುರವ್ವನನ್ನು ಎಳೆದು ಕೂರಿಸಿದರು. ಹೊಸಬರಿಗೆ ಎಲೆ ಬೀಳುವುದುಂಟು, ಅವಳಿಗೂ ಬಿತ್ತು. ಬೇರೆಯವರೆಲ್ಲ ಬಿಲ್ಲೆ ಕಳೆದುಕೊಂಡು ಎದ್ದರು. ಉಳಿದವರು ಶ್ರೀಶೈಲ, ಗುರವ್ವ. ಆಗ ಅವಳ ಕೈಯ ಎಲೆಗೆ ಮೇಜಿನ ಎಲೆ ಸೇರಿ ಆರರಿಂದ ಹತ್ತರವರೆಗೆ ಸಾಲಾಗಿ ಬಂದುಬಿಟ್ಟಿತು. ಹೆಬ್ಬೆರಳಿನಿಂದ ಬೆರಳುಗಳ ಗೆಣ್ಣು ಮುಟ್ಟುತ್ತ, ತುಟಿಯಲ್ಲೇ ಆರು, ಏಳು, ಎಂಟು ಎಂದು ಎಣಿಸಿ, ಇದ್ದ ಬಿಲ್ಲೆಗಳನ್ನೆಲ್ಲ ಮುಂದೆ ತಳ್ಳಿ 'ಆಲ್ ಇನ್' ಅಂದಳು. ಶ್ರೀಶೈಲ 'ಕಾಲ್' ಅಂದ. ಅವನ ಐದೂ ಎಲೆ ಕಳಾವರ್, ಆದರೆ ಒಂದಕ್ಕೊಂದು ಸಾಲಿಲ್ಲ. ಗುರವ್ವ 'ಸೀಕ್ವೆನ್ಸ್!' ಎಂದು ಕೂಗಿ, ಎರಡೂ ಕೈಯಿಂದ ಬಿಲ್ಲೆಗಳನ್ನು ಬಾಚಿಕೊಂಡಳು.

ಮೇಜಿನ ಸುತ್ತ ನಿಂತವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಶ್ರೀಶೈಲನ ನಗು. ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಂತೆ ನಕ್ಕ.

"ಅಕ್ಕಾರ, ಇದು ತೀನ್ ಪತ್ತಿ ಅಲ್ರಿ! ಅಲ್ಲಿ ಸೀಕ್ವೆನ್ಸ್ ದೊಡ್ಡದು, ಕಲರ್ ಸಣ್ಣದು. ಇಲ್ಲಿ ಉಲ್ಟಾ. ಇಲ್ಲಿ ಕಲರ್ ದೊಡ್ಡದು!"

"ನಂಗ ಗೊತ್ತಿರಲಿಲ್ಲಪಾ. ಹಂಗಿದ್ರ ಆಲ್ ಇನ್ ಅಂತಿರಲಿಲ್ಲ. ಹೊಳ್ಳಿ ತಗೋತೀನಿ," ಎಂದಳು ಗುರವ್ವ.

"ಹೊಳ್ಳಿ ತಗೊಳ್ಳಾಕ ಬರೂದಿಲ್ರಿ. ಈ ಮೇಜಿನ ಮ್ಯಾಲೆ ಬಾಯಿಂದ ಒಮ್ಮೆ ಮಾತು ಬಿತ್ತಂದ್ರ ಬಿತ್ತು. ರೂಲ್ಸ್ ಅಂದ್ರ ರೂಲ್ಸ್."

ಅಲ್ಲಿಗೇ ಬಿಟ್ಟಿದ್ದರೆ ಒಂದು ನಗೆಯಾಟವಾಗಿ ಮುಗಿಯುತ್ತಿತ್ತು. ಅವನು ಮೈಕ್ ತಂದ. ಗುರವ್ವನ ಕಿವಿಯಲ್ಲಿ ಒಂದು ಮಾತು ಹೇಳಿದ. ಅವಳು ಬೇಡವೆಂದು ತಲೆಯಾಡಿಸಿದಳು. ಸುತ್ತ ಎಲ್ಲರೂ 'ಹೇಳ್ರಿ, ಹೇಳ್ರಿ' ಎಂದು ಚಪ್ಪಾಳೆ ತಟ್ಟತೊಡಗಿದರು. ಅಷ್ಟು ಜನರ ಮುಂದೆ ಹಬ್ಬದ ದಿನ ಮುಖ ಕೆಡಿಸಿಕೊಂಡು ನಿಲ್ಲುವುದು ಹೇಗೆ? ಹೇಳಿಬಿಟ್ಟಳು.

"ನಾನು ಗುರವ್ವ. ನನ್ನ ಅಡಿಗಿ ಉಂಡವರ ಹೊಟ್ಟಿ ಕೆಡತೈತಿ, ನನ್ನ ಆಟ ನೋಡಿದವರ ತಲಿ ಕೆಡತೈತಿ."

ಎಲ್ಲರೂ ಬಿದ್ದು ಬಿದ್ದು ನಕ್ಕರು. ಆದರೆ ನಕ್ಕವರಲ್ಲಿ ಆಗಸ್ಟಿನಲ್ಲಿ ಹೊಟ್ಟೆ ಕೆಡಿಸಿಕೊಂಡವರೂ ಇದ್ದರು. ಅಲ್ಲಿಯವರೆಗೆ ನೀರಿನಿಂದ ಇರಬೇಕು, ಸೆಖೆಗೆ ಇರಬೇಕು ಎಂದುಕೊಂಡಿದ್ದವರಿಗೆ ಈಗ ಅಡುಗೆಯವಳೇ ಒಪ್ಪಿಕೊಂಡಂತಾಯಿತು. ಕಾಪೆಲ್‌ನ ಸುಶೀಲಮ್ಮ ಮೊಮ್ಮಗಳ ಹುಟ್ಟುಹಬ್ಬಕ್ಕೆ ಹೇಳಿದ್ದ ಊಟವನ್ನು ಆ ವಾರವೇ ಬೇರೆಯವರಿಗೆ ಕೊಟ್ಟಳು. ಆಮೇಲೆ ಒಬ್ಬೊಬ್ಬರೇ. ಸಂಕ್ರಾಂತಿಯ ಹೊತ್ತಿಗೆ ಗುರವ್ವನ ಫೋನು ಸುಮ್ಮನಾಯಿತು. ಹದಿನೈದು ವರ್ಷ ಕಟ್ಟಿದ ಹೆಸರು ಅವಳದೇ ಬಾಯಿಂದ ಹಾಳಾಗಿತ್ತು. ಸುಟ್ಟದ್ದು ಅದು. ಬೇರೆಯವರು ಅಂದಿದ್ದರೆ ಜಗಳ ತೆಗೆಯಬಹುದಿತ್ತು. ತನ್ನ ನಾಲಿಗೆಯ ಜೊತೆ ಹೇಗೆ ಜಗಳ ತೆಗೆಯುವುದು?

ಈಗ ಗ್ಯಾರೇಜಿನ ಸುದ್ದಿ ಹೇಳಿದರೂ ನಂಬುವವರಿರಲಿಲ್ಲ. 'ಆರ್ಡರ್ ಹೋತಂತ ಕಥಿ ಕಟ್ಟತಾಳ' ಎನ್ನುತ್ತಿದ್ದರು. ಆ ಮಾತು ಬರಬೇಕಾದ ಬಾಯಿ ಒಂದೇ. ಅದನ್ನು ಅದೇ ಮೈಕಿನಲ್ಲಿ, ಅದೇ ಜನರ ಮುಂದೆ ತೆರೆಸಬೇಕು. ಅದಕ್ಕೆ ದಾರಿಯನ್ನು ಶ್ರೀಶೈಲನೇ ಹಾಕಿಕೊಟ್ಟಿದ್ದ. ರೂಲ್ಸ್ ಅಂದ್ರ ರೂಲ್ಸ್.

ಮಗಳು ಐಶ್ವರ್ಯಾ ಆಸ್ಟಿನ್ನಿನಲ್ಲಿ ಕೆಲಸ ಮಾಡುತ್ತಿದ್ದಳು. ಅವಳಿಗೆ ಪೋಕರ್ ಚೆನ್ನಾಗಿ ಬರುತ್ತಿತ್ತು, ಅದು ಗುರವ್ವನಿಗೆ ಗೊತ್ತಾದದ್ದು ಈಗಲೇ. ಬೇರೆ ಕಾಲದಲ್ಲಾಗಿದ್ದರೆ ಬೈಗುಳವಾಗುತ್ತಿತ್ತು, ಈಗ 'ಛಲೋ ಆತು' ಅಂದಳು. ಶನಿವಾರ ಬೆಳಿಗ್ಗೆ ಇರಣ್ಣನ ವ್ಯಾನು ಆಸ್ಟಿನ್ನಿನ ದಾರಿ ಹಿಡಿಯುತ್ತಿತ್ತು. ಜಾರ್ಜ್‌ಟೌನ್ ದಾಟುವಾಗ ಇರಣ್ಣ 'ಇದೆಲ್ಲ ಬೇಕೇನು?' ಎಂದು ಕೇಳುತ್ತಿದ್ದ. ಗುರವ್ವ 'ಗಾಡಿ ಹೊಡೀರಿ' ಎನ್ನುತ್ತಿದ್ದಳು.

ಮಗಳ ಅಪಾರ್ಟ್‌ಮೆಂಟಿನಲ್ಲಿ ಬಿಲ್ಲೆಗಳಿರಲಿಲ್ಲ, ಶೇಂಗಾದಲ್ಲಿ ಆಟ ನಡೆಯಿತು.

"ಅಮ್ಮಾ, ಎರಡು ಕಾರ್ಡ್ ನಿಂದು, ಯಾರಿಗೂ ತೋರಿಸಬಾರ್ದು. ಐದು ಕಾರ್ಡ್ ನಡುವೆ ಬರ್ತವೆ, ಎಲ್ಲರದ್ದು. ಏಳರಲ್ಲಿ ಬೆಸ್ಟ್ ಐದು ನಿನ್ನ ಕೈ. ಓಕೆ?"

"ಅದು ಗೊತ್ತು. ಹಚ್ಚೂದು ಹೇಳು."

ಹಚ್ಚುವುದೇ ಆಟ ಎಂದಳು ಮಗಳು. ಎಲೆ ನೋಡುವ ಮೊದಲೇ ಇಬ್ಬರು ಕಡ್ಡಾಯವಾಗಿ ಸ್ವಲ್ಪ ಹಾಕಬೇಕು, ಇಲ್ಲದಿದ್ದರೆ ಒಳ್ಳೆಯ ಎಲೆ ಬರುವ ತನಕ ಎಲ್ಲರೂ ಕೈಕಟ್ಟಿ ಕೂರುತ್ತಾರೆ. ಆಮೇಲೆ ನಾಲ್ಕು ಸುತ್ತು: ನಡುವಿನ ಎಲೆ ಬರುವ ಮೊದಲು ಒಂದು, ಮೂರು ಎಲೆ ಒಟ್ಟಿಗೆ ಬಿಚ್ಚಿದಾಗ ಒಂದು, ನಾಲ್ಕನೆಯದಕ್ಕೆ ಒಂದು, ಐದನೆಯದಕ್ಕೆ ಕೊನೆಯದು. ಯಾರೂ ಹಚ್ಚದಿದ್ದರೆ 'ಚೆಕ್' ಎಂದು ಮೇಜು ಕುಟ್ಟಿ ಸುಮ್ಮನಿರಬಹುದು. ಯಾರಾದರೂ ಹಚ್ಚಿದರೆ ಮೂರೇ ದಾರಿ. ಅವರಷ್ಟೇ ಹಾಕಿದರೆ ಕಾಲ್, ಹೆಚ್ಚಿಸಿದರೆ ರೈಸ್, ಎಲೆ ಬಿಸಾಡಿದರೆ ಫೋಲ್ಡ್.

"ಬಿಗಿನರ್ಸ್ ಎಲ್ಲಾ ಏನ್ ಮಾಡ್ತಾರೆ ಅಂದ್ರೆ, ಫೋಲ್ಡ್ ಮಾಡೋಕೆ ನಾಚ್ಕೋತಾರೆ. ನೀನು ನಾಚ್ಕೋಬೇಡ. ಹತ್ತರಲ್ಲಿ ಎಂಟು ಸಲ ಬಿಸಾಕು," ಎಂದಳು ಐಶ್ವರ್ಯಾ. "ಇನ್ನೊಂದು ಮಿಸ್ಟೇಕ್: ತುಂಬಾ ಒಳ್ಳೆ ಕಾರ್ಡ್ ಬಂದ್ರೆ ಖುಷೀಲಿ ದೊಡ್ಡ ಬೆಟ್ ಹಾಕಿಬಿಡೋದು. ಎಲ್ಲರೂ ಹೆದರ್ಕೊಂಡು ಓಡಿಹೋಗ್ತಾರೆ, ನಿನ್ಗೆ ಏನೂ ಸಿಗಲ್ಲ."

ಗುರವ್ವನ ಮುಖದಲ್ಲಿ ಎಷ್ಟೋ ತಿಂಗಳ ಮೇಲೆ ನಗು ಕಾಣಿಸಿತು. ಇದು ಅವಳಿಗೆ ಗೊತ್ತಿದ್ದ ವಿದ್ಯೆ. ಊಟಕ್ಕೆ ಕೂತವರ ತಾಟಿಗೆ ಮೊದಲೇ ರಾಶಿ ಸುರಿದರೆ ಗಾಬರಿಯಾಗಿ ಎದ್ದುಬಿಡುತ್ತಾರೆ. ಸ್ವಲ್ಪ ಸ್ವಲ್ಪವೇ ಬಡಿಸುತ್ತ ಹೋದರೆ ಸೊಂಟದ ಪಟ್ಟಿ ಸಡಿಲಿಸಿಕೊಂಡು ಉಣ್ಣುತ್ತಾರೆ.

"ಅಂದ್ರ ಅವನಿಗೆ ಹಸಿವು ಹೆಚ್ಚಾಗೂ ಹಂಗ ಬಡಸಬೇಕು," ಎಂದಳು.

"ಯಾರಿಗೆ?" ಎಂದ ಮಗಳು ಅಮ್ಮನ ಕಣ್ಣು ನೋಡಿದಳು. ಆಮೇಲೆ, "ಅಮ್ಮಾ, ಯೂ ಆರ್ ಸ್ಕೇರಿ," ಎಂದು ಇನ್ನೊಂದು ಹಿಡಿ ಶೇಂಗಾ ಸುರಿದಳು.

ಕಲರಿಗಿಂತ ದೊಡ್ಡದು ಯಾವುದು ಎಂದು ಗುರವ್ವ ಕೇಳಿ ತಿಳಿದುಕೊಂಡಳು. ಒಂದೇ ಅಂಕಿಯ ಮೂರು, ಇನ್ನೊಂದು ಅಂಕಿಯ ಎರಡು ಸೇರಿದರೆ ಫುಲ್ ಹೌಸ್, ಅದು ಕಲರನ್ನು ಹೊಡೆಯುತ್ತದೆ. ಅದಾದ ಮೇಲೆ ಅವಳು ಕನ್ನಡಿಯ ಮುಂದೆ ನಿಂತು ಒಂದು ಕೆಲಸ ರೂಢಿ ಮಾಡಿದಳು: ಹೆಬ್ಬೆರಳಿನಿಂದ ಗೆಣ್ಣು ಮುಟ್ಟುತ್ತ, ತುಟಿಯಲ್ಲೇ ಆರು, ಏಳು, ಎಂಟು. ಹಿಂದಿನ ವರ್ಷ ತಿಳಿಯದೆ ಮಾಡಿದ್ದನ್ನು ತಿಳಿದು ಮಾಡುವುದು ಕಷ್ಟ. ರೊಟ್ಟಿ ಬಡಿಯುವಾಗಲೂ ಮಾಡಿದಳು. ಗೆದ್ದಮೇಲೆ ಅವನಿಂದ ಹೇಳಿಸಬೇಕಾದ ಮಾತನ್ನೂ ಹಿಟ್ಟಿನ ಜೊತೆಯೇ ನಾದಿ ನಾದಿ ಹದ ಮಾಡಿಟ್ಟಳು.

ಮುಂದಿನ ದೀಪಾವಳಿ ಬಂತು. ಹ್ಯೂಸ್ಟನ್, ಭಾನುವಾರ ಮಧ್ಯಾಹ್ನ, ಅದೇ ಹಸಿರು ಮೇಜು. ಗುರವ್ವ ತಾನಾಗಿ ಬಂದು ಕುರ್ಚಿ ಎಳೆದು ಕೂತಾಗ ಶ್ರೀಶೈಲ ಎರಡೂ ಕೈ ಜೋಡಿಸಿದ.

"ಬರ್ರಿ ಅಕ್ಕಾರ! ಈ ಸಲ ಏನು ಕೆಡಸವರಿದ್ದೀರಿ?"

ಅವಳೂ ಎಲ್ಲರ ಜೊತೆ ನಕ್ಕಳು. ಎಲೆ ಬಂದಾಗಲೆಲ್ಲ 'ಈಗ ನಾ ಏನು ಮಾಡಬೇಕ್ರಿ?' ಎಂದು ಅಕ್ಕಪಕ್ಕದವರನ್ನು ಕೇಳಿದಳು. ಅವರು ಕರುಣೆಯಿಂದ ಹೇಳಿಕೊಟ್ಟರು. ಅವಳು ಎಲೆ ಬಿಸಾಡುತ್ತ, ಬಿಸಾಡುತ್ತ, ಒಳ್ಳೆಯದು ಬಂದಾಗ ಮಾತ್ರ ಆಡಿದಳು. ಹಬ್ಬದ ಹುರುಪಿನಲ್ಲಿ ಎಲ್ಲ ಕೈಗೂ ಹಚ್ಚಿದವರು ಒಬ್ಬೊಬ್ಬರೇ ಬಿಲ್ಲೆ ಮುಗಿಸಿಕೊಂಡು ಎದ್ದರು. ದೀಪ ಹಚ್ಚುವ ಹೊತ್ತಿಗೆ ಮತ್ತೆ ಅವರಿಬ್ಬರೇ ಉಳಿದರು. ಗುರವ್ವನ ಮುಂದೆ ಅವನಿಗಿಂತ ಒಂದಿಷ್ಟು ಹೆಚ್ಚೇ ಬಿಲ್ಲೆಗಳಿದ್ದವು. ಸುತ್ತ ಜನ ಕೂಡಿದರು. ಅವರ ನಡುವೆ ಸುಶೀಲಮ್ಮನೂ ಇದ್ದಳು.

ಗುರವ್ವ ತನ್ನ ಎರಡು ಎಲೆಗಳ ಮೂಲೆ ಎತ್ತಿ ನೋಡಿದಳು. ಎರಡೂ ಒಂಬತ್ತು. ಕಾಲ್ ಅಂದಳು, ಅಷ್ಟೇ.

ನಡುವೆ ಮೂರು ಎಲೆ ಬಿಚ್ಚಿದರು: ಆಟೀನ್ ಒಂಬತ್ತು, ಆಟೀನ್ ಎಂಟು, ಕಳಾವರ್ ಎಂಟು. ಮೂರು ಒಂಬತ್ತು, ಎರಡು ಎಂಟು. ಫುಲ್ ಹೌಸ್ ಆಗಲೇ ಕೂತಿತ್ತು. ಬಿಲ್ಲೆಯೆಲ್ಲ ಮುಂದೆ ತಳ್ಳಿಬಿಡು ಎಂದಿತು ಮನಸ್ಸು. ಅವಳು ಮೇಜು ಕುಟ್ಟಿ 'ಚೆಕ್' ಅಂದಳು. ಶ್ರೀಶೈಲ ಸ್ವಲ್ಪ ಹಚ್ಚಿದ. ಅವಳು 'ಎಷ್ಟ್ರಿ?' ಎಂದು ಕೇಳಿ, ಬಿಲ್ಲೆಯ ಬಣ್ಣ ತಪ್ಪಿ, ತಿದ್ದಿಸಿಕೊಂಡು, ಅಷ್ಟೇ ಹಾಕಿದಳು.

ನಾಲ್ಕನೆಯ ಎಲೆ ಇಸ್ಪೀಟ್ ಏಳು. ಈಗ ಮೇಜಿನ ಮೇಲೆ ಏಳು, ಎಂಟು, ಒಂಬತ್ತು. ಗುರವ್ವನ ಹೆಬ್ಬೆರಳು ಗೆಣ್ಣು ಮುಟ್ಟತೊಡಗಿತು. ತುಟಿ ಅಲುಗಿತು. ತಲೆ ಎತ್ತದೆಯೇ ಅವಳಿಗೆ ಶ್ರೀಶೈಲ ನೋಡುತ್ತಿರುವುದು ಗೊತ್ತಾಯಿತು. ಹಿಂದೆ ನಿಂತಿದ್ದ ಯಾರೋ ಕಿಸಕ್ಕೆಂದರು. ಅವಳು ಚೂರು ಹಚ್ಚಿದಳು, ಅವನು ಅಷ್ಟೇ ಹಾಕಿ ಉಳಿದ.

ಐದನೆಯ ಎಲೆ ಆಟೀನ್ ಮೂರು. ಶ್ರೀಶೈಲನ ಬೆನ್ನು ನೆಟ್ಟಗಾಯಿತು. ಮೇಜಿನ ಮೇಲೆ ಮೂರು ಆಟೀನ್, ಅವನ ಕೈಯಲ್ಲಿ ಎರಡು ಇರಬೇಕು. ಇರಲಿ, ಇರಲಿ ಎಂದು ಗುರವ್ವ ತನ್ನ ಮನೆದೇವರನ್ನು ಬೇಡಿಕೊಂಡಳು. ಎದುರಾಳಿಗೆ ಒಳ್ಳೆಯ ಎಲೆ ಬರಲಿ ಎಂದು ಹರಕೆ ಹೊತ್ತವರು ಆ ಊರಲ್ಲಿ ಬೇರೆ ಯಾರಿದ್ದಾರು?

ಅವಳು 'ಚೆಕ್' ಅಂದಳು, ಅವನು ದೊಡ್ಡದಾಗಿ ಹಚ್ಚಿದ. ಗುರವ್ವ ಮತ್ತೊಮ್ಮೆ ಗೆಣ್ಣು ಎಣಿಸಿದಳು. ಇದ್ದುದೆಲ್ಲವನ್ನೂ ಮುಂದೆ ತಳ್ಳಿ, ಹಿಂದಿನ ವರ್ಷದ ದನಿಯಲ್ಲೇ ಅಂದಳು:

"ಆಲ್ ಇನ್."

ಶ್ರೀಶೈಲನ ನಗು ಒಡೆಯಿತು. "ಅಕ್ಕಾರ, ಮತ್ತ ಸೀಕ್ವೆನ್ಸ್ ಏನ್ರಿ? ಹೋದ ವರ್ಷ ಹೇಳಿದ್ದು ಮರ್ತ್ರೇನು?" ಎಂದು ಸುತ್ತಲಿನವರನ್ನೂ ನಗಿಸಿದ. ಮೇಜಿನ ಮೇಲೆ ಎರಡು ಎಂಟು ಬಿದ್ದಿರುವುದನ್ನು, ಅದರಿಂದ ಫುಲ್ ಹೌಸ್ ಆಗಬಹುದೆನ್ನುವುದನ್ನು ಅವನು ನೋಡಿರಲಿಲ್ಲ ಎಂದಲ್ಲ. ಬೇರೆ ಯಾರೇ ಎದುರಿಗಿದ್ದರೂ ಒಂದು ಕ್ಷಣ ಯೋಚಿಸುತ್ತಿದ್ದ. ಆದರೆ ಎದುರಿಗಿದ್ದವಳು ಗುರವ್ವ, ನಗಲಿಕ್ಕೆಂದೇ ಇರುವವಳು.

"ನೀವು ಆಡ್ರಿ, ಶ್ರೀಶೈಲ್ ಅವರ."

"ಕಾಲ್!" ಎಂದು ಅವನು ತನ್ನ ಎಲೆಗಳನ್ನು ಬಡಿದ. ಆಟೀನ್ ಎಕ್ಕ, ಆಟೀನ್ ರಾಜ. "ಕಲರ್ ದೊಡ್ಡದ್ರಿ ಅಕ್ಕಾರ!"

"ಹೌದ್ರಿ. ನೀವಽ ಕಲಿಸಿದ್ರಿ," ಎಂದು ಗುರವ್ವ ಒಂದು ಒಂಬತ್ತು ಇಟ್ಟಳು. ಅದರ ಪಕ್ಕದಲ್ಲಿ ಇನ್ನೊಂದು ಒಂಬತ್ತು ಇಟ್ಟಳು. "ಫುಲ್ ಹೌಸ್ ಅದಕ್ಕಿಂತ ದೊಡ್ಡದಂತ. ಅದನ್ನ ನಾನಽ ಕಲ್ತೆ."

ನಗು ಎಲ್ಲಿ ಇತ್ತೋ ಅಲ್ಲೇ ನಿಂತಿತು. ಗುರವ್ವನಿಗೆ ಮೈಯೆಲ್ಲ ತಂಪಾಯಿತು. ಆ ಮುಖ ನೋಡಲು ಒಂದು ವರ್ಷ ಕಾದಿದ್ದಳು, ಕಣ್ಣು ಮಿಟುಕಿಸದೆ ನೋಡಿದಳು.

ಮೈಕ್ ಬಂತು. ಹೇಳಬೇಕಾದ ಮಾತನ್ನು ಗುರವ್ವ ಅವನ ಕಿವಿಯಲ್ಲಿ ಹೇಳಿದಳು. ಅವನು ಮೈಕ್ ಕೆಳಗಿಟ್ಟ. 'ಒಂದು ನಿಮಿಷ ಬರ್ರಿ' ಎಂದು ಅಡುಗೆಮನೆಗೆ ಕರೆದೊಯ್ದ.

"ಅಕ್ಕಾರ, ಹಬ್ಬದ ದಿವಸ ಇದೆಲ್ಲ ಯಾಕ್ರಿ? ಒಂದು ಹಾಡು ಹೇಳ್ತೀನಿ. ಬ್ಯಾಡಂದ್ರ ಕತ್ತಿ ಹಂಗ ಒದರ್ತೀನಿ. ನಾಳಿಂದ ನಮ್ಮ ಆಫೀಸಿನ ಊಟ ಎಲ್ಲಾ ನಿಮಗಽ ಕೊಡಸ್ತೀನಿ. ಮಂದಿ ಮುಂದ ಬ್ಯಾಡ."

"ನನ್ನ ಮಾತು ಮಂದಿ ಮುಂದಽ ಆಗಿತ್ತು."

"ಅದು ತಮಾಷಿಗಿತ್ರಿ."

"ಇದೂ ಹಂಗ ಅನ್ಕೋರಿ. ಕಾಲ್ ಅಂದದ್ದು ನೀವು. ಬಾಯಿಂದ ಒಮ್ಮೆ ಮಾತು ಬಿತ್ತಂದ್ರ ಬಿತ್ತು. ರೂಲ್ಸ್ ಅಂದ್ರ ರೂಲ್ಸ್."

ಅವನು ಹೊರಗೆ ಬಂದು ಮೈಕ್ ಹಿಡಿದು, ಕೆಮ್ಮಿ, ಸರಸರನೆ ಇಂಗ್ಲಿಷಿನಲ್ಲಿ ಏನೋ ಅಂದ. ಲಾಸ್ಟ್ ಇಯರ್, ಸ್ಟೋರೇಜ್ ಇಶ್ಯೂ, ಸಾರಿ ಎನ್ನುವಷ್ಟು ಕೇಳಿಸಿತು. ಅರ್ಧ ಜನಕ್ಕೆ ಏನೆಂದು ತಿಳಿಯಲಿಲ್ಲ, ಆದರೂ ಚಪ್ಪಾಳೆಗೆ ಕೈ ಎತ್ತಿದರು.

"ಕನ್ನಡದಾಗ ಹೇಳ್ರಿ," ಎಂದಳು ಗುರವ್ವ. "ನನ್ನ ಕಡಿಂದ ಕನ್ನಡದಾಗ ಹೇಳಿಸಿದ್ರಿ."

ಶ್ರೀಶೈಲ ಸಹಾಯಕ್ಕೆ ಹೆಂಡತಿಯ ಕಡೆ ನೋಡಿದ. ಸರೋಜಾ ಗೋಡೆಗೆ ಒರಗಿ ನಿಂತಿದ್ದಳು. ಮೆತ್ತಗಿನ ಆ ಹೆಂಗಸು ಕೊನೆಯ ಸಾಲಿಗೂ ಕೇಳುವಂತೆ ಅಂದಳು: "ಹೇಳಿಬಿಡಿ. ಆವತ್ತು ಮಧ್ಯಾಹ್ನ ನಾನು ಹೇಳಿದ್ದನ್ನಾದ್ರೂ ಈಗ ಹೇಳಿ."

ಅವನು ಹೇಳಿದ. ಗುರವ್ವ ನಾದಿಟ್ಟಿದ್ದ ಮಾತು, ಒಂದಕ್ಷರವೂ ಬಿಡದೆ.

"ಹೋದ ವರ್ಷ ಈ ಮನಿ ಊಟದಾಗ ಮಂದಿ ಹೊಟ್ಟಿ ಕೆಟ್ಟಿದ್ದು ಗುರವ್ವಕ್ಕನ ಅಡಿಗಿಯಿಂದಲ್ಲ. ಆ ಅಡಿಗಿನ್ನ ನಾನು ಇಡೀ ದಿವಸ ಗ್ಯಾರೇಜಿನ ಸೆಕಿಯೊಳಗ ಇಟ್ಟು ಮರ್ತಿದ್ದರಿಂದ. ಅದು ಗೊತ್ತಿದ್ದೂ ಅಕಿ ಕಡಿಂದ ಸುಳ್ಳು ಹೇಳಿಸಿದೆ."

ಯಾರೂ ನಗಲಿಲ್ಲ. ಯಾರೂ ಚಪ್ಪಾಳೆ ತಟ್ಟಲಿಲ್ಲ.

ಸುಶೀಲಮ್ಮ ಸೆರಗು ಸರಿಮಾಡಿಕೊಂಡು ಹತ್ತಿರ ಬಂದಳು. "ಗುರವ್ವಾ, ಸಂಕ್ರಾಂತಿಗೆ ನಮ್ಮನೆಗೆ ಶೇಂಗಾ ಹೋಳಿಗೆ ಮಾಡಿಕೊಡ್ತೀರಾ?"

"ನೋಡ್ತೀನ್ರಿ," ಎಂದಳು ಗುರವ್ವ. ಆ 'ನೋಡ್ತೀನ್ರಿ' ಅವಳ ಬಾಯಿಗೆ ಹೋಳಿಗೆಗಿಂತ ಸಿಹಿಯಾಗಿತ್ತು.

ವಾಪಸು ಹೊರಟಾಗ ಶ್ರೀಶೈಲನ ಬಾಗಿಲಲ್ಲಿ ಇನ್ನೂ ಹಣತೆಗಳು ಉರಿಯುತ್ತಿದ್ದವು. ಹೈವೇ ಸೇರಿದ ಮೇಲೆ ಇರಣ್ಣ ಮೆಲ್ಲಗೆ ಕೇಳಿದ:

"ಸಮಾಧಾನ ಆತಿಲ್ಲೋ?"

"ಇಲ್ಲ."

"ಇನ್ನೂ ಏನು ಉಳೀತು? ಅಂವ ಮುಂದಿನ ವರ್ಷದಿಂದ ಆಟ ಇಡೂದಿಲ್ಲಂತ. ಮೇಜು ಮಾರತಾನಂತ."

ಗುರವ್ವ ಗಂಡನ ಕಡೆ ತಿರುಗಿದಳು.

"ಹಂಗಾರ ಮುಂದಿನ ವರ್ಷ ನಮ್ಮ ಮನ್ಯಾಗ ಇಡೂಣು. ಎಲ್ಲಾರಿಗಿಂತ ಮೊದಲ ಅವಂಗ ಹೇಳ್ರಿ, ಬರಲಿಲ್ಲಂದ್ರ ನೀವಽ ಹೋಗಿ ಕರಕೊಂಡು ಬರ್ರಿ," ಎಂದಳು. "ಆ ಮೇಜೂ ಕೊಂಡುಬಿಡ್ರಿ. ಅಂವನ್ನ ನಡುವ ಕುಂಡ್ರಿಸಿ, ಎಲ್ಲಾರ ಮುಂದ ನನ್ನ ಅಡಿಗಿ ಅಂವಂಗ ನಾನಽ ಬಡಸಾಕಿ."